ದಾರದಿಂದ ಗೋಳದವರೆಗೆ: ವೃತ್ತ, ಸಿಲಿಂಡರ್, ಶಂಕುಗಳನ್ನು ಬಾಯಿಪಾಠ ಇಲ್ಲದೆ ಕಲಿಸುವುದು ಹೇಗೆ

ಹತ್ತನೇ ತರಗತಿಯ ಮಕ್ಕಳಿಗೆ ಶಂಕುವಿನ ವಕ್ರ ಮೇಲ್ಮೈ ವಿಸ್ತೀರ್ಣದ ಸೂತ್ರ ಕೇಳಿ ನೋಡಿ. 'ಪೈ ಆರ್ ಎಲ್' ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಈ ಎಲ್ ಎಲ್ಲಿದೆ, ಶಂಕುವಿನ ಮೇಲೆ ಬೆರಳಿಟ್ಟು ತೋರಿಸು ಅನ್ನಿ. ಎಷ್ಟೋ ಮಕ್ಕಳು ತುದಿಯಿಂದ ನೇರ ಕೆಳಗೆ ಗಾಳಿಯಲ್ಲಿ ಗೆರೆ ಎಳೆಯುತ್ತಾರೆ. ಅದು ಎತ್ತರ, ಓರೆ ಎತ್ತರ ಅಲ್ಲ. ಎಲ್ ಅಂದರೆ ಓರೆ ಎತ್ತರ, ತುದಿಯಿಂದ ತಳದ ಅಂಚಿನವರೆಗೆ ಶಂಕುವಿನ ಮೈಮೇಲೆ ಇಳಿಯುವ ಗೆರೆ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಒಂಬತ್ತನೇ ತರಗತಿಯಲ್ಲಿ ಜ್ಯಾ (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ) ಮತ್ತು ಕೋನ ಬರುತ್ತವೆ, ಹತ್ತರಲ್ಲಿ ಸ್ಪರ್ಶಕ ಬರುತ್ತದೆ, ವಿಸ್ತೀರ್ಣ ಇನ್ನೊಂದು ಪಾಠ, ಘನಫಲ ಮತ್ತೊಂದು ಪಾಠ. ಇವಕ್ಕೆಲ್ಲ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗೆ ಕಲಿಸುತ್ತಾ ಹೋಗುತ್ತೇವೆ. ಕೊನೆಗೆ ಮಗುವಿನ ಕೈಯಲ್ಲಿ ಹತ್ತು ಹದಿನೈದು ಸೂತ್ರಗಳ ಪಟ್ಟಿ ಉಳಿಯುತ್ತದೆ. ಆದರೆ ಇವೆಲ್ಲ ಒಂದೇ ಬೇರಿನಿಂದ ಬಂದವು. ಪರಿಧಿಯನ್ನು ಕೈಯಾರೆ ಅಳೆದು ತಿಳಿದ ಮಗು ಅದರಿಂದಲೇ ವೃತ್ತದ ವಿಸ್ತೀರ್ಣ ಕಟ್ಟಬಹುದು. ಅಲ್ಲಿಂದ ಸಿಲಿಂಡರ್, ಆಮೇಲೆ ಶಂಕು, ಆಮೇಲೆ ಗೋಳ. ಹಾಗಾಗಿ ಈ ಕ್ರಮ ತಪ್ಪಿಸಬೇಡಿ, ಸೂತ್ರವನ್ನು ಬೋರ್ಡಿನ ಮೇಲೆ ಮೊದಲೇ ಬರೆಯಬೇಡಿ. ನನ್ನ ಒತ್ತಾಯ ಇಷ್ಟೇ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಹಿಗ್ಗದ ದಾರ, ಅಳತೆ ಟೇಪು, ಕೈವಾರ, ಕೋನಮಾಪಕ, ಡ್ರಾಯಿಂಗ್ ಹಾಳೆ, ಕತ್ತರಿ, ಅಂಟು ಟೇಪು, ಎರಡು ಕಿಲೋ ಜೋಳ, ಕೆಲವು ಕಿತ್ತಳೆ ಹಣ್ಣು. ನಾವು ವಿಜಯಪುರದವರು ಇನ್ನೊಂದು ವಿಷಯದಲ್ಲಿ ಪುಣ್ಯವಂತರು. ಗುಮ್ಮಟ, ಕಮಾನು, ಬುರುಜು, ಫಿರಂಗಿ, ಹೊಲದಲ್ಲಿ ಜೋಳದ ರಾಶಿ, ಎಲ್ಲ ಕಣ್ಣೆದುರಿಗೇ ಇವೆ.

ಹೆಜ್ಜೆ 1: ಪರಿಧಿ ಅಳೆಯಿರಿ

ಇದಕ್ಕೆ ಒಂದು ಪೂರ್ತಿ ಪಿರಿಯಡ್ ಕೊಡಿ. ಬಳೆ, ಗಂಗಾಳ, ಡಬ್ಬಿಯ ಮುಚ್ಚಳ, ಹಳೆಯ ಸೈಕಲ್ ಟೈರ್, ದುಂಡಗಿರುವುದು ಏನಾದರೂ ಸರಿ, ಮನೆಯಿಂದ ತರಲು ಹೇಳಿ. ಗುಂಪು ಮಾಡಿ. ಪ್ರತಿ ಗುಂಪು ಪರಿಧಿ, ವ್ಯಾಸ, ಪರಿಧಿ ಭಾಗಿಸು ವ್ಯಾಸ ಅಂತ ಮೂರು ಕಾಲಂ ತುಂಬಬೇಕು.

ಇಲ್ಲಿ ಎರಡು ಉಪಾಯ ಹೇಳಿಕೊಡಿ. ಬಳೆಯಂಥ ಚಿಕ್ಕ ವಸ್ತುವಿಗೆ ದಾರವನ್ನು ಒಂದೇ ಸುತ್ತು ಸುತ್ತಿದರೆ ಅಳತೆ ಹೆಚ್ಚು ಕಡಿಮೆ ಆಗುತ್ತದೆ. ಐದು ಸುತ್ತು ಸುತ್ತಿ, ಒಟ್ಟು ಉದ್ದವನ್ನು 5ರಿಂದ ಭಾಗಿಸಲಿ. ವ್ಯಾಸ ಅಳೆಯುವಾಗ ಕೇಂದ್ರ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಹಾಗಾಗಿ ಸ್ಕೇಲಿನ ಸೊನ್ನೆಯನ್ನು ಅಂಚಿನ ಒಂದು ಕಡೆ ಇಟ್ಟು ಇನ್ನೊಂದು ತುದಿಯನ್ನು ಆಚೆ ಈಚೆ ಸರಿಸುತ್ತಾ ಅತಿ ಹೆಚ್ಚು ಉದ್ದ ಎಲ್ಲಿ ಬರುತ್ತದೋ ಅದನ್ನೇ ತೆಗೆದುಕೊಳ್ಳಬೇಕು. ವ್ಯಾಸವೇ ಅತಿ ಉದ್ದದ ಜ್ಯಾ ಅನ್ನುವುದು ಹೀಗೆ ಕೆಲಸದ ನಡುವೆಯೇ ತಿಳಿದುಹೋಗುತ್ತದೆ.

ಸರಿಯಾಗಿ ಅಳೆದವರಿಗೆಲ್ಲ ಮೂರನೇ ಕಾಲಂನಲ್ಲಿ 3.1, 3.2ರ ಆಸುಪಾಸಿನ ಸಂಖ್ಯೆ ಬರುತ್ತದೆ. ಬಳೆಗೂ ಅದೇ, ಟೈರಿಗೂ ಅದೇ. ಪೈ ಅನ್ನುವ ಹೆಸರು ಈಗ ಹೇಳಿ, ಮೊದಲೇ ಹೇಳಬೇಡಿ. ಜೊತೆಗೆ ಭಾಸ್ಕರಾಚಾರ್ಯರ ಮಾತು ತೆಗೆಯಿರಿ. 1114ರಲ್ಲಿ ಹುಟ್ಟಿದ ಅವರು ತಮ್ಮ ಊರು ವಿಜ್ಜಡವಿಡ ಎಂದು ಬರೆದುಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ಇಲ್ಲಿಯವರ ನಂಬಿಕೆ, ಮಹಾರಾಷ್ಟ್ರದವರು ತಮ್ಮ ಕಡೆಯದು ಅನ್ನುತ್ತಾರೆ. ಅದೇನೇ ಇರಲಿ, ತಮ್ಮ ಗಣಿತ ಗ್ರಂಥ ಲೀಲಾವತಿಯಲ್ಲಿ ಅವರು ಎರಡು ಬೆಲೆ ಕೊಡುತ್ತಾರೆ: ಸೂಕ್ಷ್ಮ ಲೆಕ್ಕಕ್ಕೆ 3927/1250, ವ್ಯವಹಾರಕ್ಕೆ 22/7. ಮಕ್ಕಳೇ ಭಾಗಾಕಾರ ಮಾಡಲಿ. ಮೊದಲನೆಯದು 3.1416, ಎರಡನೆಯದು 3.1428. 22/7 ಅನ್ನುವುದು ಪೈ ಅಲ್ಲ, ಪೈಗೆ ಹತ್ತಿರದ ಭಿನ್ನರಾಶಿ ಅಂತ ತಿಳಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಪಿರಿಯಡ್ ಮುಗಿಯುವ ಮೊದಲು ಒಂದು ಪ್ರಶ್ನೆ ಹಾಕಿ. ಗೋಳಗುಮ್ಮಟದ ಗುಮ್ಮಟಕ್ಕೆ ಬುಡದಲ್ಲಿ ಹಗ್ಗ ಸುತ್ತಿದ್ದೇವೆ. ಆ ಹಗ್ಗ ಎಲ್ಲ ಕಡೆಯೂ ಗೋಡೆಯಿಂದ 1 ಮೀಟರ್ ದೂರ ನಿಲ್ಲಬೇಕಾದರೆ ಇನ್ನೆಷ್ಟು ಹಗ್ಗ ಬೇಕು? ಬಳೆಗೆ ಸುತ್ತಿದ ದಾರ 1 ಮೀಟರ್ ದೂರ ನಿಲ್ಲಬೇಕಾದರೆ ಎಷ್ಟು ಬೇಕು? ಎರಡಕ್ಕೂ ಸುಮಾರು 6.28 ಮೀಟರ್, ಅಷ್ಟೇ. ತ್ರಿಜ್ಯ 1 ಹೆಚ್ಚಿದರೆ ಪರಿಧಿ 2 ಪೈ ಹೆಚ್ಚುತ್ತದೆ, ವೃತ್ತ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಮಕ್ಕಳು ಇದನ್ನು ಒಪ್ಪುವುದಿಲ್ಲ, ವಾದ ಮಾಡುತ್ತಾರೆ. ಮಾಡಲಿ ಬಿಡಿ.

ಹೆಜ್ಜೆ 2: ವೃತ್ತವನ್ನು ಕತ್ತರಿಸಿ ಆಯತ ಮಾಡಿ

ಕಾಗದದ ವೃತ್ತವನ್ನು ನಾಲ್ಕು ಸಲ ಮಡಚಿದರೆ 16 ಸಮ ತುಂಡು. ಕತ್ತರಿಸಿ, ಒಂದರ ಚೂಪು ಮೇಲೆ, ಪಕ್ಕದ್ದರ ಚೂಪು ಕೆಳಗೆ ಬರುವ ಹಾಗೆ ಜೋಡಿಸಿ ಅಂಟಿಸಿ. ಹೆಚ್ಚು ಕಡಿಮೆ ಆಯತ ಬರುತ್ತದೆ. ಅಗಲ ತ್ರಿಜ್ಯ, ಉದ್ದ ಪರಿಧಿಯ ಅರ್ಧ. ಅರ್ಧ ಪರಿಧಿ ಪೈ × ತ್ರಿಜ್ಯ, ಅದನ್ನು ಇನ್ನೊಂದು ತ್ರಿಜ್ಯದಿಂದ ಗುಣಿಸಿದರೆ ವಿಸ್ತೀರ್ಣ.

ಒಂದು ತುಂಡನ್ನು ಕೈಯಲ್ಲಿ ಹಿಡಿದು ಇದೇ ತ್ರಿಜ್ಯಾಂತರ ಖಂಡ ಅಂತ ಹೇಳಿ. ಅದರ ದುಂಡನೆಯ ಅಂಚೇ ಕಂಸ. ಅದರ ವಿಸ್ತೀರ್ಣ ಅರ್ಧ × ಕಂಸದ ಉದ್ದ × ತ್ರಿಜ್ಯ. ಈ ರೂಪವನ್ನು ಮರೆಯದೆ ಬರೆಸಿ, ಯಾಕೆಂದರೆ ಶಂಕುವಿನ ಹತ್ತಿರ ಇದೇ ಕೆಲಸಕ್ಕೆ ಬರುವುದು. 360ರಿಂದ ಭಾಗಿಸುವ ಸೂತ್ರವೊಂದನ್ನೇ ಕಲಿಸಿ ಬಿಟ್ಟರೆ ಮುಂದೆ ಕೊಂಡಿ ತಪ್ಪುತ್ತದೆ.

ಹೆಜ್ಜೆ 3: ಕೇಂದ್ರ ಹುಡುಕುವ ಆಟ

ಒಡೆದ ಬಳೆಯ ಒಂದು ಚೂರು ಕೊಟ್ಟು, ಪೂರ್ತಿ ಬಳೆ ಎಷ್ಟು ದೊಡ್ಡದಿತ್ತು ಹೇಳಿ ಅನ್ನಿ. ಚೂಪಾದ ತುದಿಗಳಿಗೆ ಮೊದಲೇ ಟೇಪು ಸುತ್ತಿರಿ. ಚೂರನ್ನು ಹಾಳೆಯ ಮೇಲಿಟ್ಟು ಅಂಚು ಎಳೆದು, ಎರಡು ಜ್ಯಾ ಹಾಕಿ, ಎರಡಕ್ಕೂ ಲಂಬಾರ್ಧಕ ಎಳೆದರೆ ಅವು ಸೇರುವ ಕಡೆಯೇ ಕೇಂದ್ರ. ಕೇಂದ್ರದಿಂದ ಜ್ಯಾಕ್ಕೆ ಎಳೆದ ಲಂಬ ಜ್ಯಾವನ್ನು ಅರ್ಧಿಸುತ್ತದೆ ಅನ್ನುವ ಪ್ರಮೇಯ ಆಗ ಕೆಲಸಕ್ಕೆ ಬರುವ ಸಾಧನವಾಗುತ್ತದೆ.

ಇನ್ನೊಂದು ಬೇಗನೆ ಆಗುವಂಥದ್ದು. ನೋಟ್‌ಬುಕ್ಕಿನ ಮೂಲೆಯನ್ನು ವೃತ್ತದ ಅಂಚಿನ ಮೇಲಿಡಿ. ಮೂಲೆಯ ಎರಡು ಬದಿಗಳು ವೃತ್ತವನ್ನು ಕತ್ತರಿಸುವ ಬಿಂದುಗಳನ್ನು ಸೇರಿಸಿದರೆ ವ್ಯಾಸ ಸಿಕ್ಕಿತು. ಮೂಲೆಯನ್ನು ಬೇರೆ ಕಡೆ ಇಟ್ಟು ಇನ್ನೊಂದು ವ್ಯಾಸ ಎಳೆದರೆ ಕೇಂದ್ರ ಸಿಕ್ಕಿತು. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಯಾಕೆ ಅಂತ ಇದಾದ ಮೇಲೆ ಸಾಧಿಸಿ. ಕೇಂದ್ರದಲ್ಲಿನ ಕೋನ ಪರಿಧಿಯಲ್ಲಿನ ಕೋನದ ಎರಡರಷ್ಟು ಅನ್ನುವುದನ್ನು ರಟ್ಟು, ಗುಂಡುಸೂಜಿ, ರಬ್ಬರ್ ಬ್ಯಾಂಡಿನಿಂದ ಹತ್ತು ನಿಮಿಷದಲ್ಲಿ ತೋರಿಸಬಹುದು.

ಹೆಜ್ಜೆ 4: ಸ್ಪರ್ಶಕ ಮತ್ತು ಗುಮ್ಮಟದ ಪಿಸುಮಾತು

ವೃತ್ತವನ್ನು ಎರಡು ಕಡೆ ಕತ್ತರಿಸುವ ಹಾಗೆ ಸ್ಕೇಲ್ ಇಡಿ. ನಿಧಾನ ಹೊರಗೆ ಸರಿಸಿ. ಎರಡು ಬಿಂದುಗಳು ಹತ್ತಿರ ಹತ್ತಿರ ಬಂದು ಒಂದಾಗುತ್ತವೆ. ಛೇದಕ ಹೋಗಿ ಸ್ಪರ್ಶಕ ಆಯಿತು. ತ್ರಿಜ್ಯಕ್ಕೆ ಇದು ಲಂಬ ಯಾಕೆ? ಸ್ಪರ್ಶಬಿಂದು ಬಿಟ್ಟು ಗೆರೆಯ ಮೇಲಿನ ಉಳಿದೆಲ್ಲ ಬಿಂದುಗಳೂ ವೃತ್ತದ ಹೊರಗಿವೆ, ಅಂದರೆ ಕೇಂದ್ರದಿಂದ ತ್ರಿಜ್ಯಕ್ಕಿಂತ ದೂರ ಇವೆ. ಒಂದು ಬಿಂದುವಿನಿಂದ ಗೆರೆಗೆ ಅತಿ ಕಡಿಮೆ ದೂರ ಯಾವುದು? ಲಂಬ. ಸಾಧನೆ ಇಷ್ಟೇ, ಮಕ್ಕಳ ಬಾಯಿಂದಲೇ ಬರುತ್ತದೆ. ಬಾಹ್ಯಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಅನ್ನುವುದಕ್ಕೆ ಈ ಲಂಬಕೋನಗಳನ್ನೇ ಹಿಡಿದು ಲಂ.ವಿ.ಬಾ. (ಲಂಬಕೋನ, ವಿಕರ್ಣ, ಬಾಹು) ಸರ್ವಸಮತೆ ಹಚ್ಚಿದರೆ ಮುಗಿಯಿತು.

ಈಗ ಗೋಳಗುಮ್ಮಟಕ್ಕೆ ಬನ್ನಿ. ಮೊಹಮ್ಮದ್ ಆದಿಲ್‌ಶಾಹನ ಈ ಗೋರಿ 1656ರ ಹೊತ್ತಿಗೆ ಆದದ್ದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮಾತಾಡಿದರೆ ಆಚೆ ಕಡೆ ಇರುವವರಿಗೆ ಕೇಳುತ್ತದೆ. ಬಹಳ ಮಕ್ಕಳು ಇದನ್ನು ಕೇಳಿ ಬಂದಿರುತ್ತಾರೆ, ಆದರೆ ಯಾಕೆ ಅಂತ ಯಾರೂ ಹೇಳಿರುವುದಿಲ್ಲ. ಜ್ಯಾ ಮತ್ತು ಸ್ಪರ್ಶಕ ಕಲಿತ ಮಗುವಿಗೆ ಅದು ಅರ್ಥವಾಗುತ್ತದೆ.

5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಸಿ. ಅದು ಗ್ಯಾಲರಿಯ ಗೋಡೆ. ಗೋಡೆಯ ಒಂದು ಬಿಂದುವಿನಿಂದ 6 ಸೆಂ.ಮೀ. ಜ್ಯಾ ಎಳೆಯಲಿ. ಇದು ಧ್ವನಿ ಹೋದ ದಾರಿ. ಗೋಡೆಗೆ ಬಡಿದ ಧ್ವನಿ ಬಂದ ಕೋನದಲ್ಲೇ ತಿರುಗಿ ಹೋಗುತ್ತದೆ. ಎರಡು ತ್ರಿಜ್ಯ, ಒಂದು ಜ್ಯಾ ಸೇರಿದರೆ ಸಮದ್ವಿಬಾಹು ತ್ರಿಭುಜ, ಆದ್ದರಿಂದ ಮುಂದಿನ ಜ್ಯಾವೂ 6 ಸೆಂ.ಮೀ. ಆಗಲೇಬೇಕು. ಹೀಗೆ ಎಳೆಯುತ್ತಾ ಹೋಗಲಿ. ಆಮೇಲೆ ಕೇಂದ್ರದಿಂದ ಪ್ರತಿ ಜ್ಯಾದ ದೂರ ಅಳೆಸಿ. ಎಲ್ಲವೂ 4 ಸೆಂ.ಮೀ., ಪೈಥಾಗೊರಸನ 3, 4, 5. ಅದೇ ಕೇಂದ್ರದಿಂದ 4 ಸೆಂ.ಮೀ. ತ್ರಿಜ್ಯದ ಇನ್ನೊಂದು ವೃತ್ತ ಎಳೆದರೆ ಎಲ್ಲ ಜ್ಯಾಗಳೂ ಅದಕ್ಕೆ ಸ್ಪರ್ಶಕಗಳು. ಆ ಒಳವೃತ್ತದೊಳಕ್ಕೆ ಧ್ವನಿ ಬರುವುದೇ ಇಲ್ಲ. ಜ್ಯಾ ಚಿಕ್ಕದಾದಷ್ಟೂ ಒಳವೃತ್ತ ದೊಡ್ಡದಾಗಿ ಧ್ವನಿ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ, ನಡುವಿನ ಬಯಲಿಗೆ ಹರಡಿ ಕರಗಿ ಹೋಗುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದ್ದೇ ಗ್ಯಾಲರಿ ಇದೆ. ಅಲ್ಲಿ ಧ್ವನಿ ಗೋಡೆ ಹಿಡಿದು ಹೋಗುತ್ತದೆ ಎಂದು ವಿವರಿಸಿದವರು ವಿಜ್ಞಾನಿ ಲಾರ್ಡ್ ರೇಲಿ.

ಒಂದೇ ಚಿತ್ರದಲ್ಲಿ ಮೂರು ಪ್ರಮೇಯ ಬಂದವು: ಸಮ ಜ್ಯಾಗಳು ಕೇಂದ್ರದಿಂದ ಸಮ ದೂರ, ಕೇಂದ್ರದ ಲಂಬ ಜ್ಯಾವನ್ನು ಅರ್ಧಿಸುವುದು, ತ್ರಿಜ್ಯ ಸ್ಪರ್ಶಕಕ್ಕೆ ಲಂಬ. ಸಾಧ್ಯವಾದರೆ ಈ ಪಾಠ ಆದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಜನ ಸೇರಿದರೆ ಕೂಗಾಟದಲ್ಲಿ ಪಿಸುಮಾತು ಕೇಳುವುದಿಲ್ಲ.

ಹೆಜ್ಜೆ 5: ಹಾಳೆ ಸುತ್ತಿದರೆ ಸಿಲಿಂಡರ್

ಎರಡು ಎ4 ಹಾಳೆ ತೆಗೆದುಕೊಳ್ಳಿ. ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಸುತ್ತಿ ಅಂಟಿಸಿ. ಒಂದು ಕುಳ್ಳಗೆ ದಪ್ಪ, ಒಂದು ಉದ್ದಗೆ ಸಪೂರ. ಯಾವುದರಲ್ಲಿ ಜೋಳ ಜಾಸ್ತಿ ಹಿಡಿಯುತ್ತದೆ? ಎಲ್ಲರೂ ಕೈ ಎತ್ತಿ ಉತ್ತರ ಹೇಳಲಿ. ಹಾಳೆ ಒಂದೇ ಅಳತೆ, ಹಾಗಾಗಿ ಎರಡೂ ಸಮ ಅನ್ನುವವರೇ ಜಾಸ್ತಿ ಇರುತ್ತಾರೆ. ಉದ್ದನೆಯದನ್ನು ಕುಳ್ಳನೆಯದರ ಒಳಗೆ ನಿಲ್ಲಿಸಿ, ಉದ್ದನೆಯದರ ತುಂಬ ಜೋಳ ಸುರಿದು, ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ಜೋಳ ಕೆಳಗಿಳಿದು ಹರಡುತ್ತದೆ, ಆದರೆ ಕುಳ್ಳನೆಯ ಸಿಲಿಂಡರ್ ತುಂಬುವುದೇ ಇಲ್ಲ. ಲೆಕ್ಕ ಹಾಕಿದರೆ ಕುಳ್ಳನೆಯದು ಸುಮಾರು 1474 ಘನ ಸೆಂ.ಮೀ., ಉದ್ದನೆಯದು ಸುಮಾರು 1042. ಎರಡರ ವಕ್ರ ಮೇಲ್ಮೈ ವಿಸ್ತೀರ್ಣ ಮಾತ್ರ ಒಂದೇ, 29.7 × 21. ಘನಫಲದಲ್ಲಿ ತ್ರಿಜ್ಯ ಎರಡು ಸಲ ಗುಣಿಸುತ್ತದೆ, ಎತ್ತರ ಒಂದೇ ಸಲ. ವ್ಯತ್ಯಾಸ ಬಂದದ್ದು ಅಲ್ಲಿಂದ.

ಅಂಟು ಬಿಚ್ಚಿದರೆ ಮತ್ತೆ ಆಯತ. ಒಂದು ಬದಿ ಪರಿಧಿ, ಇನ್ನೊಂದು ಬದಿ ಎತ್ತರ. ವಕ್ರ ಮೇಲ್ಮೈ ವಿಸ್ತೀರ್ಣ ಅಂದರೆ ಪರಿಧಿ × ಎತ್ತರ, ಹೊಸ ಸೂತ್ರ ಬೇಕಾಗಿಲ್ಲ. ಘನಫಲ ಅಂದರೆ ತಳದ ವಿಸ್ತೀರ್ಣ × ಎತ್ತರ. ಬೇಸಿಗೆಯಲ್ಲಿ ಓಣಿಗೆ ಬರುವ ನೀರಿನ ಟ್ಯಾಂಕರಿನ ಉದ್ದ, ಸುತ್ತಳತೆ ಕೊಟ್ಟು ಎಷ್ಟು ಲೀಟರ್ ಅಂತ ಕೇಳಿ. 1000 ಘನ ಸೆಂ.ಮೀ. ಒಂದು ಲೀಟರ್, 1 ಘನ ಮೀಟರ್ ಸಾವಿರ ಲೀಟರ್ ಅನ್ನುವುದು ಇಲ್ಲೇ ಗಟ್ಟಿಯಾಗಬೇಕು.

ಹೆಜ್ಜೆ 6: ಶಂಕು, ಮತ್ತು ಜೋಳದ ರಾಶಿ

10 ಸೆಂ.ಮೀ. ತ್ರಿಜ್ಯ, 216 ಡಿಗ್ರಿ ಕೋನದ ತ್ರಿಜ್ಯಾಂತರ ಖಂಡ ಕತ್ತರಿಸಿ, ಎರಡು ನೇರ ಅಂಚುಗಳನ್ನು ಸೇರಿಸಿ ಅಂಟಿಸಿ. ಈ ಅಳತೆ ಬೇಕಂತಲೇ ಕೊಟ್ಟಿದ್ದು. ತಳದ ತ್ರಿಜ್ಯ ಸರಿಯಾಗಿ 6, ಎತ್ತರ 8 ಬರುತ್ತದೆ. ಮಕ್ಕಳು ಮೊದಲು ಲೆಕ್ಕದಿಂದ ಹೇಳಲಿ, ಆಮೇಲೆ ಸ್ಕೇಲ್ ಇಟ್ಟು ನೋಡಲಿ. ಕಾಗದದ ತ್ರಿಜ್ಯ ಎಲ್ಲಿ ಹೋಯಿತು? ಓರೆ ಎತ್ತರ ಆಯಿತು. ಕಂಸ ಎಲ್ಲಿ ಹೋಯಿತು? ತಳದ ಪರಿಧಿ ಆಯಿತು. ಹೆಜ್ಜೆ 2ರಲ್ಲಿ ಬರೆಸಿದ್ದನ್ನು ತೆಗೆಯಿರಿ: ಅರ್ಧ × ಕಂಸ × ತ್ರಿಜ್ಯ, ಅಂದರೆ ಅರ್ಧ × ತಳದ ಪರಿಧಿ × ಓರೆ ಎತ್ತರ. ಇದೇ ಪೈ × ತಳದ ತ್ರಿಜ್ಯ × ಓರೆ ಎತ್ತರ. ಇದನ್ನು ಕೈಯಲ್ಲಿ ಮಾಡಿದ ಮಗು ಎತ್ತರಕ್ಕೂ ಓರೆ ಎತ್ತರಕ್ಕೂ ಗೊಂದಲ ಮಾಡಿಕೊಳ್ಳುವುದು ಬಹಳ ಕಡಿಮೆ.

ಘನಫಲಕ್ಕೆ 8 ಸೆಂ.ಮೀ. ಎತ್ತರ, 37.7 ಸೆಂ.ಮೀ. ಪರಿಧಿಯ ಸಿಲಿಂಡರ್ ಮಾಡಿ. ಅಂಟಿಸಲು ಸ್ವಲ್ಪ ಹೆಚ್ಚು ಕಾಗದ ಬಿಡಿ. ಶಂಕುವಿನಲ್ಲಿ ಜೋಳ ತುಂಬಿ ಸುರಿದರೆ ಮೂರು ಸಲಕ್ಕೆ ಸರಿಯಾಗಿ ತುಂಬುತ್ತದೆ. ಶಂಕು ಸುಮಾರು 302 ಘನ ಸೆಂ.ಮೀ., ಸಿಲಿಂಡರ್ 905.

ಇನ್ನು ರಾಶಿ. ಇದನ್ನು ಬಿಡಲೇಬೇಡಿ. ಕಣದಲ್ಲಿ ಸುರಿದ ಜೋಳ ತಾನಾಗಿಯೇ ಶಂಕು ಆಗುತ್ತದೆ. ಲೀಲಾವತಿಯಲ್ಲಿ ಧಾನ್ಯದ ರಾಶಿ ಅಳೆಯುವುದಕ್ಕೇ ಒಂದು ಭಾಗ ಇದೆ. ರಾಶಿಯ ಎತ್ತರ ಪರಿಧಿಯಲ್ಲಿ ದಪ್ಪ ಕಾಳಿಗೆ ಹತ್ತನೇ ಒಂದು ಭಾಗ, ಸಣ್ಣ ಕಾಳಿಗೆ ಹನ್ನೊಂದನೇ ಒಂದು, ಮುಳ್ಳಿನ ಧಾನ್ಯಕ್ಕೆ ಒಂಬತ್ತನೇ ಒಂದು. ಘನಫಲ ಬೇಕಾದರೆ ಪರಿಧಿಯ ಆರನೇ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಬೇಕು. ಹಗ್ಗ ಒಂದಿದ್ದರೆ ಸಾಕು, ರಾಶಿಯ ನಡುವಿನ ತ್ರಿಜ್ಯ ಅಳೆಯುವ ಕಷ್ಟ ಇಲ್ಲ.

ಮಕ್ಕಳು ಇದನ್ನು ಪರೀಕ್ಷೆ ಮಾಡಲಿ. ಪರಿಧಿ 6.6 ಮೀಟರ್, ಎತ್ತರ 0.66 ಮೀಟರ್ ಅಂತ ಇಟ್ಟುಕೊಳ್ಳಿ. ತ್ರಿಜ್ಯ 1.05. ನಮ್ಮ ಸೂತ್ರದಿಂದ 0.762 ಘನ ಮೀಟರ್. ಲೀಲಾವತಿಯ ರೀತಿಯಲ್ಲಿ 1.1ರ ವರ್ಗ 1.21, ಅದನ್ನು 0.66ರಿಂದ ಗುಣಿಸಿದರೆ 0.799. ಶೇಕಡಾ 5ರಷ್ಟು ಹೆಚ್ಚು. ಯಾಕೆ ಹೆಚ್ಚು ಬಂತು? ಪೈ ಬದಲು 3 ಹಾಕಿ ನಮ್ಮ ಸೂತ್ರವನ್ನು ಪರಿಧಿಯಲ್ಲಿ ಬರೆದು ನೋಡಲಿ, ಅದೇ ನಿಯಮ ಬರುತ್ತದೆ. ಜಾಣ ಮಕ್ಕಳಿಗೆ ಇದು ಒಳ್ಳೆಯ ಬೀಜಗಣಿತದ ಕೆಲಸ. ಉಳಿದವರು ಒಂದು ಲೀಟರ್ ಡಬ್ಬಿಯಲ್ಲಿ ಜೋಳ ತುಂಬಿ ತೂಕ ಮಾಡಿ, ಆ ರಾಶಿ ಎಷ್ಟು ಕ್ವಿಂಟಲ್ ಆಗಬಹುದು ಅಂತ ಕಂಡುಹಿಡಿಯಲಿ. ಮನೆಯಲ್ಲಿ ಅಪ್ಪನಿಗೆ ಹೇಳಿ ತೋರಿಸುವಂಥ ಲೆಕ್ಕ ಇದು.

ಹೆಜ್ಜೆ 7: ಗೋಳ

ಕಿತ್ತಳೆಯ ವ್ಯಾಸ ಅಳೆದು ಅದೇ ವ್ಯಾಸದ ಐದಾರು ವೃತ್ತ ಎಳೆಯಿರಿ. ಸಿಪ್ಪೆಯನ್ನು ಸಣ್ಣ ಚೂರು ಮಾಡಿ ಸಂದಿ ಬಿಡದೆ ವೃತ್ತಗಳಲ್ಲಿ ತುಂಬುತ್ತಾ ಹೋಗಿ. ನಾಲ್ಕು ವೃತ್ತ ತುಂಬುವಷ್ಟರಲ್ಲಿ ಸಿಪ್ಪೆ ಮುಗಿಯುತ್ತದೆ. ದೊಡ್ಡ ಚೂರು ಮಾಡಿದರೆ ಅಂಚು ಮೇಲೇಳುತ್ತದೆ, ಅಷ್ಟು ನೋಡಿಕೊಳ್ಳಿ. ಭಾಸ್ಕರಾಚಾರ್ಯರು ಈ ಮೇಲ್ಮೈಯನ್ನು ಚೆಂಡಿಗೆ ಹೆಣೆದ ಬಲೆಯ ಹಾಗೆ ಎಂದಿದ್ದಾರೆ. ಅವರ ಸೂತ್ರ ಒಂದೇ ಸಾಲಿನಲ್ಲಿ ಸಾಗುತ್ತದೆ: ಪರಿಧಿಯನ್ನು ವ್ಯಾಸದ ಕಾಲು ಭಾಗದಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ, ಅದರ ನಾಲ್ಕರಷ್ಟು ಗೋಳದ ಮೇಲ್ಮೈ, ಅದನ್ನು ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಘನಫಲ. ನೋಡಿ, ಪರಿಧಿಯಿಂದಲೇ ಶುರು.

ಆ ಘನಫಲ ಎಲ್ಲಿಂದ ಬಂತು? ಗೋಳದ ಮೇಲ್ಮೈಯನ್ನು ಬಹಳ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿಯೊಂದನ್ನೂ ಕೇಂದ್ರಕ್ಕೆ ಸೇರಿಸಿದೆವು ಅಂದುಕೊಳ್ಳಿ. ಪ್ರತಿ ತುಂಡೂ ಒಂದು ಚೂಪು ಆಕೃತಿ, ಅದರ ಎತ್ತರ ತ್ರಿಜ್ಯ. ಚೂಪಾದದ್ದರ ಘನಫಲ ತಳ × ಎತ್ತರದ ಮೂರನೇ ಒಂದು ಭಾಗ, ಇದನ್ನು ಜೋಳ ಸುರಿದು ನೋಡಿಯಾಗಿದೆ. ಎಲ್ಲ ಕೂಡಿದರೆ ಮೂರನೇ ಒಂದು × ಗೋಳದ ಮೇಲ್ಮೈ × ತ್ರಿಜ್ಯ.

ಈಗ ಗುಮ್ಮಟ ಹೆಚ್ಚು ಕಡಿಮೆ ಅರ್ಧಗೋಳ ಅಂತ ಇಟ್ಟುಕೊಂಡು, ತ್ರಿಜ್ಯ 19 ಮೀಟರ್ ಹಾಕಿ ಒಳಮೈಗೆ ಸುಣ್ಣ ಹಚ್ಚಲು ಎಷ್ಟು ಜಾಗ ಅಂತ ಕೇಳಿ. ಸುಮಾರು 2270 ಚದರ ಮೀಟರ್. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್, ಹಾಗಾಗಿ 22 ಗುಂಟೆಗೂ ಮೇಲೆ. ಅರ್ಧ ಎಕರೆಗಿಂತ ಜಾಸ್ತಿ ಹೊಲ ತಲೆ ಮೇಲೆ ನಿಂತಿದೆ ಅಂದರೆ ಮಕ್ಕಳಿಗೆ ಅದರ ಗಾತ್ರ ತಿಳಿಯುತ್ತದೆ.

ಹೆಜ್ಜೆ 8: ಕೂಡಿದ ಆಕೃತಿಗಳು

ಅರ್ಧಗೋಳದ ಮೇಲೆ ಶಂಕು ಕೂಡಿಸಿದ ಆಟಿಕೆ, ಎರಡೂ ತುದಿಗೆ ಅರ್ಧಗೋಳ ಇರುವ ಕ್ಯಾಪ್ಸೂಲ್, ಇಂಥ ಲೆಕ್ಕಗಳಲ್ಲಿ ಒಂದೇ ಮಾತು ನೆನಪಿರಲಿ. ಘನಫಲವನ್ನು ಯಾವಾಗಲೂ ಕೂಡಿಸಬಹುದು, ವಿಸ್ತೀರ್ಣವನ್ನು ಹಾಗೆ ಕೂಡಿಸುವಂತಿಲ್ಲ. ಆಕೃತಿಯ ಮೇಲೆ ಬೆರಳಾಡಿಸಿ, ಬೆರಳು ಮುಟ್ಟಿದ್ದನ್ನು ಮಾತ್ರ ಎಣಿಸಿ. ಅಂಟಿಕೊಂಡ ಮುಖ ಎಣಿಕೆಗೆ ಬರುವುದಿಲ್ಲ. ಪರೀಕ್ಷೆಗೆ ಮೂರು ರೂಢಿ ಮಾಡಿಸಿ: ಕೊಟ್ಟದ್ದು ವ್ಯಾಸವೋ ತ್ರಿಜ್ಯವೋ ಅಂತ ಮೊದಲು ಗುರುತು ಹಾಕುವುದು, ಚಿತ್ರ ಬರೆಯುವುದು, ಉತ್ತರಕ್ಕೆ ಚದರ ಅಥವಾ ಘನ ಮಾನ ಬರೆಯುವುದು. 22/7 ಹಾಕಿದ ಮೇಲೆ ಗುಣಿಸುವ ಆತುರ ಬೇಡ, 7ರಿಂದ ಹೋಗುವುದನ್ನು ಮೊದಲು ಹೊಡೆದುಹಾಕಲಿ.

ಕೊನೆಯ ಕೆಲಸ: ಮಲಿಕ್-ಎ-ಮೈದಾನ್ ತೂಕ ಎಷ್ಟು?

ಎಲ್ಲ ಮುಗಿದ ಮೇಲೆ ಇದನ್ನು ಕೊಡಿ. ಶೇರ್ಜಾ ಬುರುಜಿನ ಮೇಲಿನ ಈ ಫಿರಂಗಿಯನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ ಸುಮಾರು 4.45 ಮೀಟರ್, ಹೊರವ್ಯಾಸ ಸುಮಾರು 1.5 ಮೀಟರ್, ಒಳರಂಧ್ರದ ವ್ಯಾಸ ಸುಮಾರು 0.7 ಮೀಟರ್. ತೂಕ 55 ಟನ್ ಅಂತ ಹೇಳುತ್ತಾರೆ. ಅದು ನಂಬುವ ಮಾತೋ ಅಲ್ಲವೋ ಅಂತ ಮಕ್ಕಳೇ ತೀರ್ಮಾನಿಸಲಿ.

ಟೊಳ್ಳು ಸಿಲಿಂಡರ್ ಇದು. ಹೊರತ್ರಿಜ್ಯದ ವರ್ಗ 0.5625, ಒಳತ್ರಿಜ್ಯದ ವರ್ಗ 0.1225, ವ್ಯತ್ಯಾಸ 0.44. ಅದನ್ನು 22/7ರಿಂದ, ಆಮೇಲೆ 4.45ರಿಂದ ಗುಣಿಸಿದರೆ 6.15 ಘನ ಮೀಟರ್. ಕಂಚಿನ ಒಂದು ಘನ ಮೀಟರಿಗೆ ಸುಮಾರು 8.8 ಟನ್. ಒಟ್ಟು 54 ಟನ್.

ಹಳೆಯ ಮಾತಿಗೂ ನಮ್ಮ ಲೆಕ್ಕಕ್ಕೂ ಒಂದೇ ಟನ್ ವ್ಯತ್ಯಾಸ. ಈಗ ಅದು ಯಾಕೆ ಅಂತ ಕೇಳಿ. ಫಿರಂಗಿಯ ಹಿಂದಿನ ತುದಿ ಮುಚ್ಚಿರುತ್ತದೆ, ರಂಧ್ರ ಪೂರ್ತಿ ಉದ್ದಕ್ಕೆ ಇರುವುದಿಲ್ಲ. ಬಾಯಿಯ ಹತ್ತಿರ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ ಇದೆ, ಅದು ಸಿಲಿಂಡರ್ ಅಲ್ಲ. ನಾವು ಹಾಕಿದ ಅಳತೆಗಳೂ 'ಸುಮಾರು' ಅಂತಲೇ ಇವೆ. ಇದರಲ್ಲಿ ಯಾವುದರಿಂದ ತೂಕ ಹೆಚ್ಚಾಗುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ ಅಂತ ಗುಂಪಿನಲ್ಲಿ ಚರ್ಚೆ ಮಾಡಿ ಅರ್ಧ ಪುಟ ಬರೆದು ತರಲಿ. ಅಂಕ ಹಾಕುವಾಗ 54 ಅನ್ನುವ ಉತ್ತರಕ್ಕಿಂತ ಈ ಅರ್ಧ ಪುಟಕ್ಕೆ ಜಾಸ್ತಿ ಅಂಕ ಇಡಿ.